ಮೀನಿನ ತೊಟ್ಟಿಗೆ ಯಾವ ಹೊಯ್ಗೆ? ಕಡಿಮೆ ಖರ್ಚಿನಲ್ಲಿ, ಮೀನು ಸಾಯದ ಹಾಗೆ ಆರಿಸುವ ಕ್ರಮ



ಈ ವಾರ ತರಕಾರಿಗೂ ಅಡಿಕೆಗೂ ಸ್ವಲ್ಪ ರಜೆ. ವಾಮಂಜೂರಿನಲ್ಲಿ ನನ್ನ ಹತ್ತಿರ ಸಸಿ ತಗೊಂಡು ಹೋಗಲು ಬರುವ ಹುಡುಗರು ಇತ್ತೀಚೆಗೆ ಸಸಿಗಿಂತ ಹೆಚ್ಚು ಕೇಳುವ ಪ್ರಶ್ನೆ ಇದು: "ಅಣ್ಣಾ, ಮನೆಯಲ್ಲಿ ಅಕ್ವೇರಿಯಂ ಇಡ್ತಾ ಇದ್ದೇವೆ. ಅಂಗಡಿಯ ಮರಳಿಗೆ ದುಡ್ಡು ಜಾಸ್ತಿ. ಮನೆ ಕಟ್ಟಲು ತಂದ ಹೊಯ್ಗೆ ಅಂಗಳದಲ್ಲಿ ಉಂಟಲ್ಲ, ಅದನ್ನೇ ಹಾಕಿದ್ರೆ ಆಗ್ತದಾ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆಗ್ತದೆ. ಆದರೆ ಎಲ್ಲಾ ಹೊಯ್ಗೆಯೂ ಆಗುವುದಿಲ್ಲ. ಯಾವುದು ಆಗ್ತದೆ ಅಂತ ಗೊತ್ತು ಮಾಡಲು ಲ್ಯಾಬ್ ಬೇಡ, ಅಡುಗೆಮನೆಯ ವಿನೆಗರ್, ಎರಡು ಬಾಟಲಿ, ಒಂದು ವಾರದ ತಾಳ್ಮೆ ಸಾಕು. ಇದು ಬರೀ ಚಂದದ ವಿಷಯ ಅಲ್ಲ. ಕೆಲವರು ಮನೆ ಹಿತ್ತಿಲಲ್ಲಿ ಗಪ್ಪಿ, ಮೋಲಿ ಸಾಕಿ ಮಾರಿ ಕೈಖರ್ಚಿಗೆ ಸಂಪಾದನೆ ಮಾಡುತ್ತಾರೆ. ಒಂದು ಬಾಲ್ದಿ ತಪ್ಪು ಮರಳಿನಿಂದ ಇಡೀ ತೊಟ್ಟಿಯ ಮೀನು ಹೋದರೆ ನಷ್ಟ ಸಣ್ಣದಲ್ಲ.

ಮರಳು ನೀರಿಗೆ ಎಂತ ಮಾಡ್ತದೆ?

ನರ್ಸರಿಯಲ್ಲಿ ಪಾಟಿಂಗ್ ಮಿಶ್ರಣಕ್ಕೆ ಮರಳು ಆರಿಸುವಾಗ ನಾವು ನೋಡುವುದು ನೀರು ಬಸಿಯುತ್ತದಾ ಅಂತ ಮಾತ್ರ. ಸ್ವಲ್ಪ ಉಪ್ಪು, ಸ್ವಲ್ಪ ಸುಣ್ಣ ಇದ್ದರೂ ಎರಡು ಮಳೆಗೆ ತೊಳೆದು ಹೋಗುತ್ತದೆ. ತೊಟ್ಟಿಯಲ್ಲಿ ಹಾಗಲ್ಲ. ಅಲ್ಲಿ ನೀರು ನಿಂತೇ ಇರುತ್ತದೆ. ಮರಳಿನಿಂದ ಬಿಟ್ಟದ್ದೆಲ್ಲ ಅದೇ ನೀರಿನಲ್ಲಿ ಸೇರುತ್ತದೆ, ಅದೇ ನೀರಿನಲ್ಲಿ ಮೀನು ಉಸಿರಾಡುತ್ತದೆ.

ಹಾಗಾಗಿ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಮರಳಿನಿಂದ ನೀರಿಗೆ ಎಂತ ಕರಗುತ್ತದೆ? ಕಾಳಿನ ಆಕಾರ, ಗಾತ್ರ ಹೇಗಿದೆ? ಮರಳಿನ ಜೊತೆ ಬೇರೆ ಎಂತ ಬಂದಿದೆ? ಬಣ್ಣ, ಹೊಳಪು ಎಲ್ಲ ಆಮೇಲಿನ ಮಾತು.

ಒಳ್ಳೆಯ ಮರಳು ಅಂದರೆ ನೀರಿಗೆ ಏನನ್ನೂ ಸೇರಿಸದ ಮರಳು. ಬೆಣಚು ಕಲ್ಲಿನ ಕಾಳು, ಅಂದರೆ ಸಿಲಿಕಾ, ಹಾಗಿನದ್ದು. ಚಿಪ್ಪು, ಹವಳ, ಸುಣ್ಣಕಲ್ಲಿನ ಚೂರುಗಳು ಹಾಗಲ್ಲ. ಅವು ಕ್ಯಾಲ್ಸಿಯಂ ಕಾರ್ಬೊನೇಟ್. ನಿಧಾನಕ್ಕೆ ಕರಗಿ ನೀರಿನ ಪಿಎಚ್ ಮತ್ತು ಗಡಸುತನ ಎರಡನ್ನೂ ಏರಿಸುತ್ತವೆ.

ಮೊದಲು ನಿಮ್ಮ ಬಾವಿ ನೀರು ಅರ್ಥ ಮಾಡ್ಕೊಳ್ಳಿ

ಬೇರೆ ಊರಿನ ವಿಡಿಯೋ ನೋಡಿ ಹಾಗೇ ಮಾಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮದು ಮುರಕಲ್ಲಿನ ನೆಲ. ಜೋರು ಮಳೆ ಬಿದ್ದು ಸುಣ್ಣದ ಅಂಶ ತೊಳೆದು ಹೋದ ಮಣ್ಣು. ಅದಕ್ಕೇ ಮಣ್ಣು ಪರೀಕ್ಷೆ ಮಾಡಿಸಿದಾಗ ನಮ್ಮ ಹೆಚ್ಚಿನ ತೋಟಗಳು ಹುಳಿ ಮಣ್ಣು ಅಂತ ಬರುತ್ತದೆ, ಸುಣ್ಣ ಹಾಕಿ ಅಂತ ಬರೆದು ಕೊಡುತ್ತಾರೆ. ಅದೇ ಮಣ್ಣಿನ ಮೂಲಕ ಇಳಿದ ಬಾವಿ ನೀರೂ ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿ. ಬಯಲುಸೀಮೆಯ ಬೋರ್‌ವೆಲ್ ನೀರು ಹೀಗಲ್ಲ, ಅಲ್ಲಿ ಪಾತ್ರೆಯ ತಳದಲ್ಲಿ ಬಿಳಿ ಕಟ್ಟುವಷ್ಟು ಗಡಸು ಇರುತ್ತದೆ.

ಇದರಿಂದ ಎರಡು ವಿಷಯ. ಒಂದು, ಹುಳಿ ನೀರಿನಲ್ಲಿ ಚಿಪ್ಪು ಬೇಗ ಕರಗುತ್ತದೆ. ಹಾಗಾಗಿ ಚಿಪ್ಪಿನ ಚೂರು ತುಂಬಿದ ಮರಳಿನ ಪರಿಣಾಮ ನಮ್ಮಲ್ಲಿ ಬೇಗ ಕಾಣುತ್ತದೆ. ಎರಡು, ಮೆದು ನೀರಿಗೆ ತಡೆದುಕೊಳ್ಳುವ ಶಕ್ತಿ ಕಡಿಮೆ. ಸ್ವಲ್ಪ ಏನಾದರೂ ಸೇರಿದರೂ ಪಿಎಚ್ ಮೇಲೆ ಕೆಳಗೆ ಆಗುತ್ತದೆ. ಮೀನಿಗೆ ಪಿಎಚ್ ಸ್ವಲ್ಪ ಹೆಚ್ಚೋ ಕಡಿಮೆಯೋ ಇರುವುದಕ್ಕಿಂತ ಒಮ್ಮೆಲೇ ಬದಲಾಗುವುದು ಕಷ್ಟ.

ಎಲ್ಲಿಯ ಮರಳು ಹೇಗೆ?

ಮಂಗಳೂರಲ್ಲಿ ಹೊಯ್ಗೆ ಬಜಾರ್ ಅಂತ ಒಂದು ಜಾಗವೇ ಉಂಟು, ಆದರೂ ಸಿಗುವ ಹೊಯ್ಗೆ ಎಲ್ಲ ಒಂದೇ ಅಲ್ಲ.

*ಬೀಚಿನ ಮರಳು:* ಪಣಂಬೂರು, ತಣ್ಣೀರುಬಾವಿ, ಸುರತ್ಕಲ್ ಎಲ್ಲ ವಾಮಂಜೂರಿಂದ ಹತ್ತಿರವೇ. ಆದರೆ ಸಿಹಿನೀರಿನ ತೊಟ್ಟಿಗೆ ಬೀಚಿನ ಮರಳು ಬೇಡ. ಉಪ್ಪು ತೊಳೆದರೆ ಹೋಗುತ್ತದೆ, ಚಿಪ್ಪಿನ ಚೂರು ತೊಳೆದರೆ ಹೋಗುವುದಿಲ್ಲ. ಜೊತೆಗೆ ಕಾನೂನಿನ ಮಾತೂ ಉಂಟು. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಕಾಲದಿಂದಲೂ ಕಡಲ ತೀರದ ಮರಳು ತೆಗೆಯುವುದಕ್ಕೆ ನಿರ್ಬಂಧ ಇದೆ.

*ಅಳಿವೆ ಬದಿಯ ಮರಳು:* ಕೂಳೂರು, ಉಳ್ಳಾಲದ ಕಡೆ ನದಿಯೊಳಗೆ ಉಬ್ಬರದ ನೀರು ಬರುತ್ತದೆ. ನೋಡಲು ಹೊಳೆ ಮರಳಿನ ಹಾಗೇ ಇದ್ದರೂ ಉಪ್ಪು, ಚಿಪ್ಪು, ಕಪ್ಪು ಕೆಸರು ಮೂರೂ ಇರಬಹುದು. ಪರೀಕ್ಷೆ ಮಾಡದೆ ಹಾಕಬೇಡಿ.

*ಸಿಹಿನೀರಿನ ಹೊಳೆ ಮರಳು:* ಉಬ್ಬರ ಮುಟ್ಟದ ಮೇಲಿನ ಭಾಗದ ಮರಳು ನಮಗೆ ಸಿಗುವುದರಲ್ಲಿ ಅತಿ ಒಳ್ಳೆಯದು, ಅತಿ ಅಗ್ಗದ್ದೂ ಹೌದು. ನೀರಿನಲ್ಲಿ ಉರುಳಿ ಉರುಳಿ ಕಾಳಿನ ಅಂಚು ನಯವಾಗಿರುತ್ತದೆ. ಹಾಗಂತ ಬಾಲ್ದಿ ಹಿಡಿದು ನೀವೇ ಹೊಳೆಗೆ ಇಳಿಯುವುದು ಬೇಡ, ಮರಳು ತೆಗೆಯಲು ಪರವಾನಗಿ ಬೇಕು. ಮನೆ ಕಟ್ಟುವವರ ಹತ್ತಿರ ಒಂದು ಬಾಲ್ದಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಮರಳು ಎಲ್ಲಿಯದು ಅಂತ ಕೂಡ ಅವರಿಗೆ ಗೊತ್ತಿರುತ್ತದೆ. ರಾಶಿಯ ಬುಡದಿಂದ ತಗೊಳ್ಳಬೇಡಿ. ಅಲ್ಲಿ ಸಿಮೆಂಟ್ ಬಿದ್ದಿರಬಹುದು, ಸಿಮೆಂಟ್ ನೀರಿನ ಪಿಎಚ್ ಅನ್ನು ಸಿಕ್ಕಾಪಟ್ಟೆ ಏರಿಸುತ್ತದೆ. ಬೆಕ್ಕು ನಾಯಿ ಓಡಾಡಿದ ಮೇಲಿನ ಪದರವನ್ನೂ ಬದಿಗೆ ಸರಿಸಿ, ನಡುವಿನದ್ದು ತಗೊಳ್ಳಿ.

*ಎಂ ಸ್ಯಾಂಡ್:* ಕರಿಕಲ್ಲು ಪುಡಿ ಮಾಡಿದ್ದು. ಅದರಿಂದ ನೀರಿಗೆ ಕರಗುವುದು ಕಡಿಮೆ, ಆದರೆ ಕಾಳಿನ ಅಂಚು ಚೂಪು, ಕಲ್ಲಿನ ಹುಡಿ ತುಂಬಾ. ಎಷ್ಟು ತೊಳೆದರೂ ಹಾಲಿನ ಹಾಗೆ ನೀರು ಬರುತ್ತಲೇ ಇರುತ್ತದೆ. ಕೋರಿಡೋರಸ್, ಲೋಚ್‌ನಂತಹ ಮೀಸೆ ಇರುವ ಮೀನುಗಳು ತಳ ಕೆದಕಿ ತಿನ್ನುವವು, ಅವಕ್ಕೆ ಇದು ಬೇಡವೇ ಬೇಡ.

*ಫಿಲ್ಟರ್ ಮರಳು:* ನೀರು ಶುದ್ಧೀಕರಣದ ಘಟಕಕ್ಕೆ, ಈಜುಕೊಳಕ್ಕೆ ಹಾಕುವ ಸಿಲಿಕಾ ಮರಳು. ಒಂದೇ ಗಾತ್ರದ ಕಾಳು, ಹುಡಿ ಕಡಿಮೆ, ಚಿಪ್ಪಿಲ್ಲ. ವಾಟರ್ ಫಿಲ್ಟರ್ ಬಿಡಿಭಾಗ ಮಾರುವಲ್ಲಿ ದೊಡ್ಡ ಚೀಲದಲ್ಲಿ ಸಿಗುತ್ತದೆ. ಒಬ್ಬರಿಗೆ ಚೀಲ ಹೆಚ್ಚಾದರೆ ಮೂರು ಜನ ಸೇರಿ ತಗೊಳ್ಳಿ. ಅಕ್ವೇರಿಯಂ ಅಂಗಡಿಯ ಸಣ್ಣ ಪ್ಯಾಕೆಟ್‌ನ ಬೆಲೆಯನ್ನೂ ಇದರ ಬೆಲೆಯನ್ನೂ ಕೆಜಿ ಲೆಕ್ಕದಲ್ಲಿ ಹೋಲಿಸಿ ನೋಡಿ, ವ್ಯತ್ಯಾಸ ನಿಮಗೇ ಕಾಣುತ್ತದೆ.

*ಬಣ್ಣದ ಮರಳು, ಬಣ್ಣದ ಕಲ್ಲು:* ನೀಲಿ, ಗುಲಾಬಿ ಬಣ್ಣ ಬಳಿದದ್ದು. ಅಗ್ಗದ ಮಾಲಿನಲ್ಲಿ ಬಣ್ಣ ಏಳುತ್ತದೆ. ಹಾಗೊಮ್ಮೆ ಮನೆಯಲ್ಲಿ ಇದ್ದರೆ ಬಿಳಿ ಪಾತ್ರೆಯಲ್ಲಿ ಬಿಸಿನೀರು ಹಾಕಿ ಒಂದು ರಾತ್ರಿ ಇಡಿ. ನೀರಿಗೆ ಬಣ್ಣ ಬಂದರೆ, ಉಗುರಿನಲ್ಲಿ ಕೆರೆದಾಗ ಸಿಪ್ಪೆ ಎದ್ದರೆ ಬಿಸಾಡಿ.

ತೋಡಿನ ಮರಳು ಮತ್ತು ಮೈಲುತುತ್ತ

ಇದು ಅಕ್ವೇರಿಯಂ ವಿಡಿಯೋಗಳಲ್ಲಿ ಯಾರೂ ಹೇಳದ ವಿಷಯ. ಯಾಕೆಂದರೆ ಅವರಿಗೆ ಅಡಿಕೆ ತೋಟ ಇಲ್ಲ.

ಕೊಳೆ ರೋಗಕ್ಕೆ ನಾವು ಮಳೆಗಾಲದ ಮೊದಲು ಒಮ್ಮೆ, ಮತ್ತೆ 40-45 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ಹೊಡೆಯುತ್ತೇವೆ. ಶೇಕಡಾ 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಮಳೆಗೆ ತೊಳೆದ ತಾಮ್ರ ಮಣ್ಣಿಗೆ, ತೋಟದ ತೋಡಿಗೆ ಇಳಿಯುತ್ತದೆ. ಅಲ್ಲಿನ ರೇವೆಗೆ, ಕೊಳೆತ ಎಲೆಗೆ ಅಂಟಿ ಕೂರುತ್ತದೆ. ತಾಮ್ರ ಬೇಗ ಕರಗಿ ಹೋಗುವ ವಸ್ತು ಅಲ್ಲ, ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತದೆ.

ಗಿಡಕ್ಕೆ ಸ್ವಲ್ಪ ತಾಮ್ರ ಬೇಕು. ಮೀನಿನ ಕಿವಿರಿಗೆ ಅದು ವಿಷ. ಸಿಗಡಿ, ಬಸವನಹುಳುಗಳಿಗೆ ಇನ್ನೂ ಹೆಚ್ಚು. ಇಲ್ಲಿ ನಮ್ಮ ಮೆದು ನೀರು ಮತ್ತೊಮ್ಮೆ ಕೈ ಕೊಡುತ್ತದೆ: ಗಡಸು ನೀರಿಗಿಂತ ಮೆದು, ಹುಳಿ ನೀರಿನಲ್ಲಿ ತಾಮ್ರದ ವಿಷ ಜೋರು. ವಿನೆಗರ್ ಪರೀಕ್ಷೆಯಲ್ಲಿ ತಾಮ್ರ ಗೊತ್ತಾಗುವುದಿಲ್ಲ. ಕಣ್ಣಿಗೂ ಕಾಣುವುದಿಲ್ಲ.

ಹಾಗಾಗಿ ಎರಡು ನಿಯಮ. ಬೋರ್ಡೋ ಹೊಡೆಯುವ ತೋಟದ ತೋಡಿನ ಮರಳು ಎಷ್ಟೇ ಚಂದ ಇದ್ದರೂ ತೊಟ್ಟಿಗೆ ಹಾಕಬೇಡಿ. ಬೋರ್ಡೋ ಕಲಸಿದ ಡ್ರಮ್, ಬಾಲ್ದಿ, ಮಗ್ ಯಾವುದರಲ್ಲೂ ಮರಳು ತೊಳೆಯಬೇಡಿ. ಕೀಟನಾಶಕ, ಕಳೆನಾಶಕ ಮುಟ್ಟಿದ ಪಾತ್ರೆಗೂ ಇದೇ ಮಾತು.

ವಾಮಂಜೂರು ಸುತ್ತಿನವರಿಗೆ ಇನ್ನೊಂದು ಮಾತು. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಮಂದಾರದ ಕಡೆ ಜರಿದದ್ದು ನಿಮಗೆಲ್ಲ ಗೊತ್ತು. ಕಸದ ರಾಶಿಯ ಕೆಳಗಿನ ಇಳಿಜಾರಿನ ತೋಡು, ಗುಂಡಿಗಳ ಮರಳನ್ನು ಮೀನಿಗೆ ಮಾತ್ರ ಅಲ್ಲ, ತರಕಾರಿ ಸಸಿಯ ಟ್ರೇಗೂ ಬಳಸಬೇಡಿ. ಮರಳು ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಮರಳು ಬೇಡ ಅಂತಲೇ ತಿಳ್ಕೊಳ್ಳಿ.

ಮನೆಯಲ್ಲೇ ನಾಲ್ಕು ಪರೀಕ್ಷೆ

1. ಕುಲುಕುವ ಪರೀಕ್ಷೆ. ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮರಳು, ಉಳಿದದ್ದು ನೀರು. ಜೋರಾಗಿ ಕುಲುಕಿ ಇಡಿ. ಮರಳು ಕೂಡಲೇ ತಳಕ್ಕೆ ಹೋಗುತ್ತದೆ, ರೇವೆ ನಿಧಾನಕ್ಕೆ ಅದರ ಮೇಲೆ ಪದರವಾಗಿ ಕೂರುತ್ತದೆ. ಮೂರು ಗಂಟೆ ಬಿಟ್ಟು ನೋಡಿ. ತೆಳು ಗೆರೆಯಷ್ಟಾದರೆ ತೊಳೆದರೆ ಹೋಗುತ್ತದೆ. ಬೆರಳಿನ ದಪ್ಪ ಇದ್ದರೆ ಬೇರೆ ಮರಳು ಹುಡುಕಿ. ಮುಚ್ಚಳ ತೆಗೆದು ಮೂಸಿಯೂ ನೋಡಿ. ಕೊಳೆತ ಮೊಟ್ಟೆಯ ವಾಸನೆ, ಡೀಸೆಲ್ ವಾಸನೆ ಬಂದರೆ ಅಲ್ಲಿಗೆ ಬಿಡಿ.

2. ವಿನೆಗರ್ ಪರೀಕ್ಷೆ. ಎರಡು ಚಮಚ ಒಣ ಮರಳಿನ ಮೇಲೆ ಬಿಳಿ ವಿನೆಗರ್ ಮುಳುಗುವಷ್ಟು ಹಾಕಿ. ಗುಳ್ಳೆ ಸಾಲಾಗಿ ಎದ್ದರೆ, ಕಿವಿ ಹತ್ತಿರ ಹಿಡಿದಾಗ ಚುರುಚುರು ಕೇಳಿದರೆ ಸುಣ್ಣದ ಅಂಶ ಉಂಟು. ಹಾಕಿದ ಕೂಡಲೇ ಒಂದೆರಡು ಗುಳ್ಳೆ ಬಂದು ನಿಂತರೆ ಅದು ಕಾಳಿನ ನಡುವಿನ ಗಾಳಿ, ಹೆದರಬೇಡಿ. ಟಾಯ್ಲೆಟ್ ತೊಳೆಯುವ ಆಸಿಡ್‌ನಲ್ಲಿ ಪರೀಕ್ಷೆ ಮಾಡುವ ಸಾಹಸ ಬೇಡ.

3. ಎರಡು ಬಾಟಲಿ ಪರೀಕ್ಷೆ. ಇದೇ ಮುಖ್ಯ. ವಿನೆಗರ್ ದುರ್ಬಲ, ಸ್ವಲ್ಪ ಸುಣ್ಣ ಇದ್ದರೆ ತಪ್ಪಿ ಹೋಗಬಹುದು. ಎರಡು ಬಾಟಲಿಗೆ ಒಂದೇ ಬಾವಿಯ ನೀರು ಹಾಕಿ. ಒಂದಕ್ಕೆ ಕಾಲು ಭಾಗ ತೊಳೆದ ಮರಳು, ಇನ್ನೊಂದಕ್ಕೆ ಏನೂ ಬೇಡ. ಮುಚ್ಚಳ ಸಡಿಲ ಇಟ್ಟು ಒಂದು ವಾರ ಬಿಟ್ಟು ಎರಡರ ಪಿಎಚ್ ನೋಡಿ. ಮರಳಿಲ್ಲದ ಬಾಟಲಿ ಎಂತಕ್ಕೆ ಅಂದರೆ, ಬಾವಿಯಿಂದ ಸೇದಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಇಟ್ಟಲ್ಲೇ ಅದು ಹೊರಟು ಹೋಗಿ ಪಿಎಚ್ ತಾನಾಗಿಯೇ ಏರುತ್ತದೆ. ಹೋಲಿಕೆಗೆ ಇನ್ನೊಂದು ಬಾಟಲಿ ಇಲ್ಲದಿದ್ದರೆ ಆ ಏರಿಕೆಯ ಅಪವಾದ ಮರಳಿನ ಮೇಲೆ ಬರುತ್ತದೆ. ಗೊಬ್ಬರ ಹಾಕದ ಸಾಲು ಬಿಟ್ಟು ಬೆಳೆ ನೋಡುವ ಹಾಗೆಯೇ ಇದು. ಎರಡೂ ಬಾಟಲಿಯ ಪಿಎಚ್ ಹೆಚ್ಚುಕಡಿಮೆ ಒಂದೇ ಇದ್ದರೆ ಮರಳು ಪಾಸ್. ಟಿಡಿಎಸ್ ಪೆನ್ ಇರುವವರು ಅದನ್ನೂ ಅದ್ದಿ ನೋಡಿ, ಮರಳಿನ ಬಾಟಲಿಯಲ್ಲಿ ಅಂಕೆ ತುಂಬಾ ಹೆಚ್ಚಿದ್ದರೆ ಉಪ್ಪೋ ಸುಣ್ಣವೋ ಕರಗುತ್ತಿದೆ ಅಂತ ಅರ್ಥ.

4. ಅಯಸ್ಕಾಂತ ಪರೀಕ್ಷೆ. ಹಳೆ ಸ್ಪೀಕರ್‌ನ ಅಯಸ್ಕಾಂತವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಣ ಮರಳಿನ ಮೇಲೆ ಆಡಿಸಿ. ಅಂಟುವ ಕಪ್ಪು ಕಾಳು ಕಬ್ಬಿಣದ ಖನಿಜ. ಸ್ವಲ್ಪ ಇದ್ದರೆ ಮೀನಿಗೆ ತೊಂದರೆ ಇಲ್ಲ. ಆದರೆ ಫಿಲ್ಟರ್ ಮೋಟರ್‌ನ ತಿರುಗುವ ಭಾಗದಲ್ಲಿ ಅಯಸ್ಕಾಂತ ಇರುತ್ತದೆ, ಅದಕ್ಕೆ ಅಂಟಿ ಸವೆಸುತ್ತದೆ. ಆದಷ್ಟು ತೆಗೆದುಬಿಡಿ.

ಎಷ್ಟು ಬೇಕು?

ಲೆಕ್ಕ ಸುಲಭ. ತೊಟ್ಟಿಯ ಉದ್ದ, ಅಗಲ, ಮರಳಿನ ಎತ್ತರ ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ 1000ದಿಂದ ಭಾಗಿಸಿ, ಲೀಟರ್ ಬರುತ್ತದೆ. ಅದನ್ನು 1.5ರಿಂದ ಗುಣಿಸಿದರೆ ಕೆಜಿ. 2 ಅಡಿ ಉದ್ದ 1 ಅಡಿ ಅಗಲದ ತೊಟ್ಟಿ ಅಂದರೆ 60 × 30. ಅದಕ್ಕೆ 4 ಸೆಂಟಿಮೀಟರ್ ಮರಳಾದರೆ 7.2 ಲೀಟರ್, ಸುಮಾರು 11 ಕೆಜಿ. ಜರಡಿ ಹಿಡಿದು ತೊಳೆಯುವಾಗ ಕಮ್ಮಿಯಾಗುತ್ತದೆ, 15 ಕೆಜಿ ತಂದಿಡಿ.

4 ಸೆಂಟಿಮೀಟರ್‌ಗಿಂತ ತುಂಬಾ ದಪ್ಪ ಹಾಕಬೇಡಿ. ಬೇರು ಬಿಡುವ ಗಿಡ ಇರುವ ಹಿಂಬದಿಯಲ್ಲಿ 5-6 ಇದ್ದರೆ ಸಾಕು. ದಪ್ಪ ಮರಳಿನ ತಳಕ್ಕೆ ಗಾಳಿ ಹೋಗುವುದಿಲ್ಲ, ನೀರು ನಿಂತ ಗದ್ದೆಯ ಕೆಸರಿನ ಹಾಗೆ ಕಪ್ಪಾಗಿ ವಾಸನೆಯ ಗ್ಯಾಸ್ ಕಟ್ಟುತ್ತದೆ.

ಕಾಳಿನ ಗಾತ್ರಕ್ಕೆ ಅಡುಗೆಮನೆಯ ಅಳತೆ ಹೇಳುತ್ತೇನೆ. ಚಿರೋಟಿ ರವೆಯಷ್ಟು ನಯ ಬೇಡ, ಗಟ್ಟಿಯಾಗಿ ಕೂರುತ್ತದೆ. ಕೊತ್ತಂಬರಿ ಕಾಳಿನಷ್ಟು ದೊಡ್ಡದೂ ಬೇಡ, ಉಳಿದ ಆಹಾರ ಸಂದಿಯೊಳಗೆ ಇಳಿದು ಕೊಳೆಯುತ್ತದೆ. ಇಡ್ಲಿ ರವೆಯಿಂದ ಸಾಸಿವೆ ಕಾಳಿನವರೆಗೆ ಸರಿ. ದೊಡ್ಡ ಕಲ್ಲು ತೆಗೆಯಲು ಒಂದು ಜರಡಿ, ಹುಡಿ ತೆಗೆಯಲು ಸೊಳ್ಳೆ ಪರದೆಯ ಜಾಲರಿ. ಒಣ ಮರಳು ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಅಲ್ಲ, ಸರಿಯಾದ ಮಾಸ್ಕ್ ಹಾಕಿ. ಸಿಲಿಕಾದ ಸಣ್ಣ ಹುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನೀರು ಚಿಮುಕಿಸಿ ಒದ್ದೆ ಮಾಡಿಕೊಂಡರೆ ಇನ್ನೂ ಉತ್ತಮ.

ತೊಳೆಯುವ ಕ್ರಮ

ಎಲ್ಲ ಒಟ್ಟಿಗೆ ತೊಳೆಯಲು ಹೋದರೆ ದಿನ ಹೋಗುತ್ತದೆ. ಬಾಲ್ದಿಗೆ ಕಾಲು ಭಾಗ ಮಾತ್ರ ಮರಳು ಹಾಕಿ. ಪೈಪ್ ತುದಿಯನ್ನು ತಳದವರೆಗೆ ಇಳಿಸಿ ನೀರು ಬಿಡಿ, ಕೈಯಲ್ಲಿ ಕಲಸುತ್ತಾ ಕೊಳೆ ನೀರು ಮೇಲಿಂದ ಹೊರಗೆ ಹರಿಯಲಿ. ಅಕ್ಕಿ ತೊಳೆದ ನೀರು ತಿಳಿಯಾಗುವ ಹಾಗೆ ಇದೂ ತಿಳಿಯಾಗಬೇಕು. ಆ ನೀರನ್ನು ತೆಂಗಿನ ಬುಡಕ್ಕೆ ತಿರುಗಿಸಿ. ಸೋಪು, ಡಿಟರ್ಜೆಂಟ್ ಮುಟ್ಟಿಸಲೇಬೇಡಿ. ಆಮೇಲೆ ಟಾರ್ಪಲ್ ಮೇಲೆ ತೆಳುವಾಗಿ ಹರಡಿ ಎರಡು ಮೂರು ದಿನ ಒಳ್ಳೆ ಬಿಸಿಲಿಗೆ ಒಣಗಿಸಿ.

ಮರಳನ್ನು ಖಾಲಿ ತೊಟ್ಟಿಗೆ ಮೊದಲು ಹಾಕಿ, ಮುಂದೆ ತಗ್ಗು ಹಿಂದೆ ಎತ್ತರ ಮಾಡಿ. ಅದರ ಮೇಲೆ ಒಂದು ಬಟ್ಟಲು ಇಟ್ಟು ಬಟ್ಟಲಿನ ಮೇಲೆ ನೀರು ಸುರಿದರೆ ಮರಳು ಕದಡುವುದಿಲ್ಲ. ನಗರಪಾಲಿಕೆಯ ನಳ್ಳಿ ನೀರಾದರೆ ಅದರಲ್ಲಿ ಕ್ಲೋರಿನ್ ಇರುತ್ತದೆ, ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಬಿಟ್ಟು ಬಳಸಿ. ಅಂದ ಹಾಗೆ, 2 ಅಡಿಯ ತೊಟ್ಟಿ ನೀರು, ಮರಳು, ಗಾಜು ಸೇರಿ ಒಬ್ಬ ದೊಡ್ಡ ಮನುಷ್ಯನಷ್ಟು ಭಾರ. ಟಿವಿ ಸ್ಟ್ಯಾಂಡ್ ಮೇಲೆ ಇಡುವ ಮೊದಲು ಯೋಚಿಸಿ.

ಚಿಪ್ಪು ಬೇಕಾದರೆ ಚೀಲದಲ್ಲಿ ಹಾಕಿ

ಗಪ್ಪಿ, ಮೋಲಿ ಸ್ವಲ್ಪ ಗಡಸು ನೀರು ಇಷ್ಟಪಡುವ ಮೀನುಗಳು. ನಮ್ಮ ಮೆದು ನೀರಿನಲ್ಲಿ ಅವಕ್ಕೆ ಸುಣ್ಣದ ಅಂಶ ಸೇರಿಸಿದರೆ ಒಳ್ಳೆಯದೇ. ಹಾಗಾದರೆ ಬೀಚಿನ ಮರಳೇ ಹಾಕಬಹುದಲ್ಲ ಅಂತ ಕೇಳಬಹುದು. ಬೇಡ. ಮರಳಿನಲ್ಲಿ ಬೆರೆತ ಚಿಪ್ಪು ಎಷ್ಟು ಅಂತ ಗೊತ್ತಿಲ್ಲ, ಹೆಚ್ಚಾಯಿತು ಅಂತ ತೆಗೆಯಲೂ ಆಗುವುದಿಲ್ಲ. ಮಣ್ಣು ಪರೀಕ್ಷೆ ಮಾಡದೆ ತೋಟಕ್ಕೆ ಸುಣ್ಣ ಎರಚಿದ ಹಾಗೆ ಆಗುತ್ತದೆ.

ಇದರ ಬದಲು ಊಟಕ್ಕೆ ತಂದ ಮರುವಾಯಿಯ ಚಿಪ್ಪನ್ನು ಕುದಿಸಿ, ಮಾಂಸದ ಚೂರು ಉಳಿಯದ ಹಾಗೆ ಉಜ್ಜಿ, ಒಣಗಿಸಿ ಒಡೆದು ಸಣ್ಣ ಬಲೆಯ ಚೀಲದಲ್ಲಿ ಕಟ್ಟಿ. 50 ಲೀಟರ್ ತೊಟ್ಟಿಗೆ ಮೊದಲು ಒಂದು ಸಣ್ಣ ಹಿಡಿ ಸಾಕು. ಫಿಲ್ಟರ್‌ನ ನೀರು ಹರಿಯುವ ಜಾಗದಲ್ಲಿ ಇಡಿ. ವಾರ ಬಿಟ್ಟು ಪಿಎಚ್ ನೋಡಿ, 7ರಿಂದ 7.5ರ ನಡುವೆ ನಿಂತರೆ ಸರಿ. ಹೆಚ್ಚಾದರೆ ಅರ್ಧ ತೆಗೆಯಿರಿ. ಮೆದು ನೀರೇ ಇಷ್ಟಪಡುವ ಮೀನು ಸಾಕುವವರಿಗೆ ಚಿಪ್ಪು ಅಷ್ಟಾಗಿ ಬೇಡ, ಆದರೆ ಪಿಎಚ್ 6ಕ್ಕಿಂತ ಕೆಳಗೆ ಹೋಗದ ಹಾಗೆ ನೋಡಿಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮರಳು ಹಾಕಿದ ಕೂಡಲೇ ಮೀನು ಬಿಡಬೇಡಿ

ಮಣ್ಣಿನಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಇವೆ ಅಂತ ನಮಗೆ ಗೊತ್ತು. ತೊಟ್ಟಿಯಲ್ಲೂ ಅದೇ ಕೆಲಸ ಆಗಬೇಕು. ಮೀನಿನ ಹಿಕ್ಕೆಯಿಂದ ಬರುವ ಅಮೋನಿಯಾ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗುತ್ತದೆ. ಮೊದಲಿನ ಎರಡು ಮೀನಿಗೆ ವಿಷ, ಕೊನೆಯದ್ದನ್ನು ಗಿಡ ತಿನ್ನುತ್ತದೆ. ಈ ಬ್ಯಾಕ್ಟೀರಿಯಾ ಮನೆ ಮಾಡುವುದು ಫಿಲ್ಟರ್‌ನ ಸ್ಪಂಜಿನಲ್ಲಿ ಮತ್ತು ಮರಳಿನ ಕಾಳಿನ ಮೇಲೆ. ತೊಳೆದು ಒಣಗಿಸಿದ ಹೊಸ ಮರಳಿನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಮೂರು ನಾಲ್ಕು ವಾರ ಫಿಲ್ಟರ್ ಓಡಿಸಿ, ಚಿಟಿಕೆ ಮೀನಿನ ಆಹಾರ ಹಾಕುತ್ತಾ ಇರಿ. ಪಿಎಚ್ 6ಕ್ಕಿಂತ ಕೆಳಗೆ ಹೋದರೆ ಈ ಬ್ಯಾಕ್ಟೀರಿಯಾದ ಕೆಲಸ ತುಂಬಾ ನಿಧಾನವಾಗುತ್ತದೆ, ಹಾಗಾಗಿ ಹುಳಿ ಬಾವಿ ನೀರಿನವರು ಇನ್ನೂ ಸ್ವಲ್ಪ ಕಾಯಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಅಂತ ಕಿಟ್ ತೋರಿಸಿದ ಮೇಲೆ ಎರಡು ಮೂರು ಮೀನಿನಿಂದ ಶುರು ಮಾಡಿ.

ನನ್ನ ಹಾಗೆ ಸಾವಯವ ಮಾಡುವವರಿಗೆ ಒಂದು ವಿಶೇಷ ಸೂಚನೆ. ತೊಟ್ಟಿಯ ಗಿಡ ಚೆನ್ನಾಗಿ ಬರಲಿ ಅಂತ ಮರಳಿನ ಅಡಿಯಲ್ಲಿ ಸಗಣಿ ಗೊಬ್ಬರ, ಎರೆಗೊಬ್ಬರ, ಜೀವಾಮೃತ ಯಾವುದೂ ಬೇಡ. ತೋಟಕ್ಕೆ ಅಮೃತವಾದದ್ದು ನಿಂತ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಗೊಬ್ಬರದ ವಹಿವಾಟು ಆಚೆಯಿಂದ ಈಚೆ ಇರಲಿ: ವಾರಕ್ಕೊಮ್ಮೆ ತೊಟ್ಟಿಯಿಂದ ತೆಗೆಯುವ ಕಾಲು ಭಾಗ ನೀರನ್ನು ಬಸಳೆಗೆ, ಹರಿವೆಗೆ ಹಾಕಿ. ಅದರಲ್ಲಿ ನೈಟ್ರೇಟ್ ಇರುತ್ತದೆ.

ಒಟ್ಟಿನಲ್ಲಿ

- ಎಲ್ಲಿಯದು ಅಂತ ಗೊತ್ತಿರುವ ಸಿಹಿನೀರಿನ ಹೊಳೆ ಮರಳು ಸಿಕ್ಕಿದರೆ ಅದೇ ಮೊದಲ ಆಯ್ಕೆ. ಇಲ್ಲದಿದ್ದರೆ ಫಿಲ್ಟರ್ ಮರಳು ಹಂಚಿಕೊಳ್ಳಿ.
- ಬೀಚ್, ಅಡಿಕೆ ತೋಟದ ತೋಡು, ಕಸದ ರಾಶಿಯ ಕೆಳಭಾಗ, ಈ ಮೂರು ಕಡೆಯ ಮರಳು ಬೇಡ.
- ವಿನೆಗರ್‌ನಲ್ಲಿ ಪಾಸಾದರೂ ಎರಡು ಬಾಟಲಿ ಪರೀಕ್ಷೆ ಬಿಡಬೇಡಿ.
- ಬೋರ್ಡೋ ಬಾಲ್ದಿ ಮರಳಿನ ಹತ್ತಿರ ಬರಬಾರದು.
- ಸುಣ್ಣದ ಅಂಶ ಬೇಕಾದರೆ ಚೀಲದಲ್ಲಿ, ಲೆಕ್ಕ ನೋಡಿ.

ಅಂಗಡಿಯ ಪ್ಯಾಕೆಟ್‌ಗೆ ಕೊಡುವ ದುಡ್ಡು ಉಳಿದರೆ ಅದರಲ್ಲಿ ಪಿಎಚ್ ಮತ್ತು ಅಮೋನಿಯಾ ನೋಡುವ ಕಿಟ್ ತಗೊಳ್ಳಿ. ಮರಳು ಒಮ್ಮೆ ಹಾಕಿದರೆ ಮುಗಿಯಿತು, ನೀರನ್ನು ಮಾತ್ರ ವಾರ ವಾರ ನೋಡುತ್ತಲೇ ಇರಬೇಕು.